ಕೇಳಿದ್ದು ಓದಾಗುವುದೇ? : ಒಂದು ಧ್ವನಿಪುಸ್ತಕದ ನೆಪದಲ್ಲಿ ಕೆಲವು ಟಿಪ್ಪಣಿಗಳು

ಕಳೆದ ವರ್ಷ ನಮ್ಮ ವಿಭಾಗದ ಸಂಶೋಧನಾರ್ಥಿಗಳ ಗೋಷ್ಠಿಯಲ್ಲಿ ಲಕ್ಷ್ಮೀಶನ ‘ಜೈಮಿನಿ ಭಾರತ’ದ ಚಂದ್ರಹಾಸ ಪ್ರಸಂಗವನ್ನು ಕುರಿತು ಪ್ರಬಂಧವೊಂದನ್ನು ಮಂಡಿಸುವ ಅವಕಾಶ ನನಗೆ ಒದಗಿತ್ತು. ದುಷ್ಟಬುದ್ಧಿ ತನ್ನ ಮಗ ಮದನನಿಗೆ ಬರೆದ ಓಲೆಯಲ್ಲಿನ ‘ವಿಷ’ ಎಂಬ ಮಾತನ್ನು ವಿಷಯೆಯು ತಿದ್ದಿ ತನ್ನ ಹೆಸರನ್ನಾಗಿಸುತ್ತಾಳೆ. ಸಾಯಬೇಕಾಗಿದ್ದ ತರುಣ ಮದುಮಗನಾಗುತ್ತಾನೆ. ಒಂದು ಅಕ್ಷರದ ಮೇಲೆ ಒಂದು ಜೀವ ನಿಂತಿರುವ ಈ ಕತೆಗೆ ಹೋಲಿಕೆಯಾಗಿ ನಾನು ಅಮೆರಿಕದ ಲೇಖಕಿ ಉರ್ಸುಲಾ ಕೆ. ಲೆ ಗ್ವಿನ್ ಅವರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ ಕಾದಂಬರಿಯನ್ನು ಪ್ರಸ್ತಾಪಿಸಿದೆ. ಚರ್ಚೆಯ ಸಮಯದಲ್ಲಿ ಹಿರಿಯರೊಬ್ಬರು “ಯಾವ ಆವೃತ್ತಿ? ಪುಟಸಂಖ್ಯೆ ಕೊಟ್ಟಿಲ್ಲವಲ್ಲ” ಎಂದರು. “ಪುಟವಿಲ್ಲ ಸರ್, ಅದು ನಾನು ಕೇಳಿದ್ದು” ಎಂದೆ. ಸಭೆಯಲ್ಲಿ ಸಣ್ಣದೊಂದು ನಗು ಎದ್ದಿತು. “ಹಾಗಾದರೆ ಓದಿದ ಮೇಲೆ ಮಾತಾಡೋಣ” ಎಂದು ಅವರು ಮುಂದಿನ ಪ್ರಬಂಧದ ಕಡೆಗೆ ಹೊರಳಿದರು.

ಆ ಪ್ರಶ್ನೆಯಲ್ಲಿ ದುರುದ್ದೇಶವಿರಲಿಲ್ಲ. ಆಕರಗಳ ವಿಷಯದಲ್ಲಿ ಶಿಸ್ತನ್ನು ಕಲಿಸಿದವರು ಕೇಳಲೇಬೇಕಾದ ಪ್ರಶ್ನೆಯೇ ಅದು. ಆದರೆ ಅಂದಿನ ನಗು ನನ್ನನ್ನು ಬಹುಕಾಲ ಕಾಡಿತು. ಗಮಕ, ಹರಿಕಥೆ, ಯಕ್ಷಗಾನ, ಮಂಟೇಸ್ವಾಮಿ ಮತ್ತು ಮಾದೇಶ್ವರ ಕಾವ್ಯಗಳ ಕುರಿತು ದಶಕಗಳಿಂದ ಸಂಶೋಧನೆ ನಡೆಸುತ್ತಿರುವ, ಮೌಖಿಕ ಪರಂಪರೆಯ ಹಿರಿಮೆಯನ್ನು ತರಗತಿಗಳಲ್ಲಿ ನಿತ್ಯವೂ ಬೋಧಿಸುವ ಜ್ಞಾನಶಿಸ್ತೊಂದು, ತನ್ನದೇ ವಿದ್ಯಾರ್ಥಿಯು ಕೃತಿಯೊಂದನ್ನು ಕಿವಿಯಿಂದ ಗ್ರಹಿಸಿದೆನೆಂದಾಗ ಅದನ್ನು ಓದಿನ ಹೊರಗಿರಿಸುವುದು ಯಾವ ನೆಲೆಯಲ್ಲಿ? ಪ್ರಸ್ತುತ ಲೇಖನವು ಈ ಪ್ರಶ್ನೆಗೆ ಉತ್ತರಿಸುವ ಒಂದು ಪ್ರಯತ್ನ. ಕೇಳುವಿಕೆಯು ಓದಿಗೆ ಸಮನೆಂದಾಗಲಿ ಅದಕ್ಕಿಂತ ಮೇಲೆಂದಾಗಲಿ ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಅದು ಬೇರೆಯದೇ ಆದ, ತನ್ನದೇ ಲಾಭನಷ್ಟಗಳುಳ್ಳ ಅನುಸಂಧಾನವೆಂದೂ ಅದಕ್ಕೆ ತಕ್ಕ ಶಿಸ್ತನ್ನು ರೂಪಿಸಿಕೊಳ್ಳುವ ಹೊಣೆ ಕನ್ನಡ ವಿಭಾಗಗಳದ್ದೆಂದೂ ಸೂಚಿಸುವುದಷ್ಟೇ ಉದ್ದೇಶ.

ಮೊದಲಿಗೆ ಕೃತಿಯನ್ನು ಕುರಿತು ಎರಡು ಮಾತು. 1968ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಲೆ ಗ್ವಿನ್ (1929–2018) ಹದಿಹರೆಯದ ಓದುಗರಿಗೆಂದು ಬರೆದರು. ಅರ್ಥ್‌ಸೀ ಎಂಬುದು ಸಮುದ್ರದ ನಡುವೆ ಚದುರಿಕೊಂಡಿರುವ ದ್ವೀಪಗಳ ಕಲ್ಪಿತ ಲೋಕ. ಅಲ್ಲಿನ ಗಾಂಟ್ ದ್ವೀಪದ ಆಡು ಕಾಯುವ ಹುಡುಗನೊಬ್ಬ ಮಾಂತ್ರಿಕನಾಗುತ್ತಾನೆ. ರೋಕ್ ದ್ವೀಪದ ವಿದ್ಯಾಶಾಲೆಯಲ್ಲಿ ಅಹಂಕಾರದಿಂದ ಮಾಡಿದ ಒಂದು ಪ್ರಯೋಗದಿಂದ ಹೆಸರಿಲ್ಲದ ನೆರಳೊಂದನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ. ಮೊದಲು ಅದರಿಂದ ಓಡುತ್ತಾನೆ, ಬಳಿಕ ಅದನ್ನೇ ಬೆನ್ನಟ್ಟುತ್ತಾನೆ. ಈ ಲೋಕದ ಮಂತ್ರವಿದ್ಯೆಯ ತಳಹದಿ ಹೆಸರು. ಪ್ರತಿಯೊಂದು ವಸ್ತುವಿಗೂ ಜೀವಿಗೂ ಒಂದು ನಿಜನಾಮವಿದೆ; ಅದನ್ನು ಅರಿತು ಉಚ್ಚರಿಸಬಲ್ಲವನಿಗೆ ಅದರ ಮೇಲೆ ಅಧಿಕಾರವುಂಟು. ಆದ್ದರಿಂದಲೇ ಜನರು ತಮ್ಮ ನಿಜನಾಮವನ್ನು ಮುಚ್ಚಿಟ್ಟು ಅಡ್ಡಹೆಸರಿನಿಂದ ಬದುಕುತ್ತಾರೆ.

ಎಂ.ಎ. ಓದುವಾಗ ಈ ಪುಸ್ತಕವನ್ನು ಗ್ರಂಥಾಲಯದಿಂದ ತಂದು ಓದಿದ್ದೆ. ಈಚೆಗೆ ಅತಿಥಿ ಉಪನ್ಯಾಸಕ ವೃತ್ತಿಗಾಗಿ ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲಿ ಕಳೆಯಬೇಕಾಗಿ ಬಂದಾಗ, ಕುಲುಕುವ ಬಸ್ಸಿನಲ್ಲಿ ಅಕ್ಷರ ಹಿಡಿಯಲಾಗದೆ ಅದರ ಧ್ವನಿಪುಸ್ತಕದ, ಅಂದರೆ ಆಡಿಯೋ ಬುಕ್‌ನ, ಮೊರೆಹೊಕ್ಕೆ. ನಟ ರಾಬ್ ಇಂಗ್ಲಿಸ್ ಅವರು ವಾಚಿಸಿದ ಆವೃತ್ತಿ ಅದು. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೃತಿಯನ್ನು ಇಡಿಯಾಗಿ ಧ್ವನಿಮುದ್ರಿಸಿ ಪ್ರಸಿದ್ಧರಾದವರೂ ಇವರೇ. ಕಾದಂಬರಿಯ ಹತ್ತು ಅಧ್ಯಾಯಗಳು ನನ್ನ ಒಂದು ವಾರದ ಪ್ರಯಾಣಕ್ಕೆ ಸರಿಹೋದವು.

ಕೇಳತೊಡಗಿದ ಮೊದಲ ದಿನವೇ ನನ್ನ ಹಳೆಯ ಓದಿನ ತಪ್ಪೊಂದು ಬಯಲಾಯಿತು. ಕಥಾನಾಯಕನ ನಿಜನಾಮ ಇಂಗ್ಲಿಷಿನ ಮೂರು ಅಕ್ಷರಗಳದು. ಮುದ್ರಿತ ಪುಟದಲ್ಲಿ ಅದನ್ನು ನಾನು ‘ಜೆಡ್’ ಎಂದೇ ಓದಿಕೊಂಡಿದ್ದೆ. ವಾಚಕರು ‘ಗೆಡ್’ ಎಂದು ಉಚ್ಚರಿಸಿದರು. ಲೇಖಕಿಯ ಅಭಿಮತವೂ ಅದೇ. ನಿಜನಾಮವನ್ನು ಸರಿಯಾಗಿ ಉಚ್ಚರಿಸುವುದೇ ಕತೆಯ ಜೀವಾಳವಾಗಿರುವ ಕೃತಿಯನ್ನು ಆದ್ಯಂತ ಓದಿ ಮುಗಿಸಿಯೂ ನಾಯಕನ ನಿಜನಾಮವೇ ನನಗೆ ತಿಳಿದಿರಲಿಲ್ಲ! ಕನ್ನಡದಲ್ಲಿ ಬರೆಯುವಾಗ ‘ಗ’ಕಾರವೋ ‘ಜ’ಕಾರವೋ ಎಂಬುದನ್ನು ಲಿಪಿಯೇ ತೀರ್ಮಾನಿಸಿಬಿಡುತ್ತದೆ, ಇಂಗ್ಲಿಷಿನ ಲಿಪಿ ಅದನ್ನು ಓದುಗನಿಗೆ ಬಿಡುತ್ತದೆ. ಮುದ್ರಿತ ಪಠ್ಯವು ಪೂರ್ಣ, ಶ್ರವಣವು ಅದರ ಅರೆಬರೆ ನಕಲು ಎಂಬ ನಮ್ಮ ಗ್ರಹಿಕೆಯನ್ನು ಪ್ರಶ್ನಿಸಲು ಈ ಒಂದು ಉದಾಹರಣೆ ಸಾಕು. ಪುಟದಲ್ಲಿಯೂ ಕೆಲವು ಕೊರತೆಗಳಿವೆ. ರೂಢಿಯ ಬಲದಿಂದ ಅವು ನಮಗೆ ಕಾಣುವುದಿಲ್ಲ.

ಕಾದಂಬರಿಯೊಳಗೇ ಶ್ರವಣಕ್ಕೆ ಎಂಥ ಸ್ಥಾನವಿದೆ ಎಂಬುದು ಸಹ ಎರಡನೆಯ ಸಲ ಕೇಳಿದಾಗಲೇ ಹೊಳೆದದ್ದು. ಗೆಡ್‌ನ ವಿದ್ಯಾಭ್ಯಾಸ ಆರಂಭವಾಗುವುದು ಗ್ರಂಥದಿಂದಲ್ಲ. ಗುಡಿಸಲಿನ ಮಾಡನ್ನೇರಿದ ಆಡನ್ನು ಇಳಿಸಲು ಅವನ ತಾಯಿಯ ಸೋದರಿ ಕೂಗಿದ ಮಾತುಗಳನ್ನು ಅವನು ಕಿವಿಯಿಂದ ಹಿಡಿಯುತ್ತಾನೆ; ಅರ್ಥ ತಿಳಿಯದೆಯೇ ಮರುದಿನ ಅವನ್ನು ನುಡಿಯುತ್ತಾನೆ; ಆಡುಗಳೆಲ್ಲ ಬಂದು ಸುತ್ತುವರಿದಾಗ ಬಿಡಿಸಿಕೊಳ್ಳಲಾಗದೆ ಹೆದರುತ್ತಾನೆ. ಕೇಳಿದ್ದಕ್ಕೆ ಬಲವಿದೆ, ಅರಿವಿಲ್ಲದೆ ನುಡಿದರೆ ಅಪಾಯವೂ ಇದೆ ಎಂಬ ಕಾದಂಬರಿಯ ಸೂತ್ರ ಇಲ್ಲಿಯೇ ಸ್ಥಾಪಿತವಾಗಿದೆ. ಮುಂದೆ ರೋಕ್ ದ್ವೀಪದಲ್ಲಿ ನಾಮಗಳನ್ನು ಕಲಿಸುವ ಗುರುವಿನ ಗೋಪುರದ ಪ್ರಸಂಗ ಬರುತ್ತದೆ. ಅಲ್ಲಿ ಶಿಷ್ಯರಿಗೆ ಹೆಸರುಗಳ ಪಟ್ಟಿಯನ್ನು ಬರೆದೇ ಕೊಡಲಾಗುತ್ತದೆ. ಆದರೆ ಆ ಶಾಯಿ ಮಧ್ಯರಾತ್ರಿಗೆ ಅಳಿಸಿಹೋಗುತ್ತದೆ. ಅಷ್ಟರೊಳಗೆ ಕಲಿತದ್ದೇ ಕಲಿತದ್ದು. ಬಸ್ಸಿನ ಕಿಟಕಿಯ ಬಳಿ ಕುಳಿತು ಈ ಭಾಗವನ್ನು ಕೇಳುವಾಗ ನನ್ನ ಸ್ಥಿತಿಯೂ ಅದೇ ಆಗಿತ್ತು. ವಾಕ್ಯವೊಂದು ನುಡಿಯಲ್ಪಟ್ಟು ಅಳಿಸಿಹೋಗುತ್ತದೆ. ನೆನಪು ಹಿಡಿದುಕೊಂಡದ್ದಷ್ಟೇ ಉಳಿಯುತ್ತದೆ.

ಇಲ್ಲಿ ನಷ್ಟವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಮುದ್ರಿತ ಪುಸ್ತಕದಲ್ಲಿ ಅರ್ಥ್‌ಸೀಯ ಭೂಪಟವಿದೆ, ಧ್ವನಿಗೆ ಭೂಪಟವಿಲ್ಲ. ಗೆಡ್‌ನ ಕೊನೆಯ ಸಮುದ್ರಯಾನದಲ್ಲಿ ಒಂದರ ಹಿಂದೊಂದು ಬರುವ ದ್ವೀಪಗಳ ಹೆಸರುಗಳು ನನ್ನ ಕಿವಿಯಲ್ಲಿ ಕಲಸಿಹೋದವು. ಅವನು ಮೂಡಲಿಗೆ ಹೋಗುತ್ತಿದ್ದಾನೋ ತೆಂಕಲಿಗೋ ತಿಳಿಯದೆ, ಮನೆಗೆ ಬಂದು ಹಳೆಯ ಪ್ರತಿಯನ್ನು ತೆರೆದು ಭೂಪಟದ ಮೇಲೆ ಬೆರಳಿಟ್ಟು ನೋಡಬೇಕಾಯಿತು. ಟಿಕೆಟ್ಟಿಗಾಗಿ ಕಂಡಕ್ಟರ್ ಭುಜ ತಟ್ಟಿದ ಗಳಿಗೆಯಲ್ಲಿ ಒಂದು ಪಾತ್ರವೇ ಬಂದುಹೋದದ್ದೂ ಉಂಟು. ಅಂಚಿನಲ್ಲಿ ಗೆರೆಯೆಳೆಯಲಾಗದು, ಹಿಂದಿನ ಪುಟದ ಮಾತನ್ನು ಮುಂದಿನದರೊಡನೆ ಒಮ್ಮೆಗೇ ಇಟ್ಟು ನೋಡಲಾಗದು. ಸೂಕ್ಷ್ಮ ಪಠ್ಯವಿಶ್ಲೇಷಣೆಗೆ ಇವು ಸಣ್ಣ ತೊಡಕುಗಳಲ್ಲ. ನನ್ನನ್ನು ಪ್ರಶ್ನಿಸಿದ ಹಿರಿಯರ ಮಾತಿಗೆ ಈ ಮಟ್ಟಿಗೆ ಬಲವಿದೆ.

ಆದರೆ ಕೇಳುವಿಕೆಯಲ್ಲಿ ಮಾತ್ರವೇ ದಕ್ಕುವ ಅರ್ಥಗಳೂ ಇವೆ ಎಂಬುದಕ್ಕೆ ಕಾದಂಬರಿಯ ಕೊನೆಯ ಅಧ್ಯಾಯ ಸಾಕ್ಷಿ. ಲೋಕದಂಚಿನ ತೆರೆದ ಕಡಲಿನಲ್ಲಿ ಗೆಡ್ ಮತ್ತು ನೆರಳು ಎದುರುಬದುರಾಗುತ್ತಾರೆ. ಗೆಡ್ ನೆರಳಿನ ಹೆಸರನ್ನು ನುಡಿಯುತ್ತಾನೆ. ಅದೇ ಕ್ಷಣದಲ್ಲಿ ನೆರಳೂ ಅವನ ಹೆಸರನ್ನು ನುಡಿಯುತ್ತದೆ. ಎರಡೂ ಒಂದೇ ಹೆಸರು. ಎರಡು ದನಿಗಳೂ ಒಂದೇ ದನಿಯಾದವೆಂದು ಲೇಖಕಿ ನಿರೂಪಿಸುತ್ತಾರೆ. ಪುಟದಲ್ಲಿ ಇದು ಒಂದು ಹೇಳಿಕೆ. ಓದುಗ ಅದನ್ನು ನಂಬಬೇಕು. ಒಬ್ಬನೇ ವಾಚಕನಿರುವ ಧ್ವನಿಪುಸ್ತಕದಲ್ಲಿ ಅದು ಕಿವಿಗೆ ಬಿದ್ದ ಸತ್ಯ. ಏಕೆಂದರೆ ಆವರೆಗೆ ಗೆಡ್‌ನೂ ಗುರು ಓಗಿಯನ್‌ನೂ ಗೆಳೆಯ ವೆಚ್‌ನೂ ಘಟಸರ್ಪವೂ ಮಾತಾಡಿದ್ದು ಒಂದೇ ಕಂಠದಿಂದ. ಪಾತ್ರಕ್ಕೊಬ್ಬ ನಟನಿರುವ ಧ್ವನಿನಾಟಕದಲ್ಲಿ ಇದೇ ಸನ್ನಿವೇಶಕ್ಕೆ ಎರಡು ಕಂಠಗಳನ್ನು ಯಂತ್ರದಿಂದ ಬೆಸೆಯಬೇಕಾಗುತ್ತದೆ. ಏಕಕಂಠದ ವಾಚನದಲ್ಲಿ ಬೆಸೆಯುವ ಅಗತ್ಯವೇ ಇಲ್ಲ. ಅವು ಮೊದಲಿನಿಂದಲೂ ಒಂದೇ ಆಗಿದ್ದವು ಎಂಬ ಕಾಣ್ಕೆ ಕೇಳುಗನಿಗೆ ತಾನಾಗಿ ಆಗುತ್ತದೆ.

ಈ ಏಕಕಂಠದ ತತ್ತ್ವ ಕನ್ನಡಕ್ಕೆ ಹೊಸದಲ್ಲ. ಗದುಗಿನ ಭಾರತವನ್ನು ವಾಚಿಸುವ ಗಮಕಿ ಭೀಮನೂ ಆಗುತ್ತಾನೆ, ದ್ರೌಪದಿಯೂ ಆಗುತ್ತಾನೆ. ಆದರೆ ವೇಷ ಕಟ್ಟುವುದಿಲ್ಲ, ಕಂಠವನ್ನು ಅಣಕಿಸುವುದಿಲ್ಲ. ರಾಗದ ಆಯ್ಕೆ, ಪದಚ್ಛೇದ, ನಿಲುಗಡೆಗಳಿಂದಲೇ ಅರ್ಥವನ್ನು ಬಿಡಿಸುತ್ತಾನೆ. 2022ರಲ್ಲಿ ಪದ್ಮಶ್ರೀ ಗೌರವ ಪಡೆದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರ ವಾಚನವನ್ನು ಆಲಿಸಿದವರಿಗೆ, ಷಟ್ಪದಿಯೊಂದನ್ನು ಎಲ್ಲಿ ಒಡೆಯಬೇಕೆಂಬುದೇ ಒಂದು ವ್ಯಾಖ್ಯಾನವೆಂಬುದು ಮನದಟ್ಟಾಗಿರುತ್ತದೆ. ತಾಳಮದ್ದಳೆಯಲ್ಲಾದರೋ ಪ್ರತಿ ಪಾತ್ರಕ್ಕೂ ಬೇರೆ ಅರ್ಥಧಾರಿ. ಅಲ್ಲಿ ಅರ್ಥ ಹುಟ್ಟುವುದು ವಾಗ್ವಾದದಿಂದ. ಏಕಕಂಠ ಮತ್ತು ಬಹುಕಂಠಗಳ ಈ ವ್ಯತ್ಯಾಸವನ್ನು ವಿವರಿಸಲು ಬೇಕಾದ ಪರಿಭಾಷೆ ನಮ್ಮಲ್ಲಿ ಸಿದ್ಧವಾಗಿಯೇ ಇದೆ. ಧ್ವನಿಪುಸ್ತಕಗಳನ್ನು ಕುರಿತ ವಿಮರ್ಶೆಗೆ ಕನ್ನಡದಿಂದ ಕೊಡಬಹುದಾದ ಕಾಣಿಕೆ ಇದು.

ಹಾಗೆಂದು ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎಂಬ ಹೆಮ್ಮೆಯಲ್ಲಿ ಮೈಮರೆಯುವುದು ತರವಲ್ಲ. ಗಮಕಕ್ಕೆ ಸಭೆಯಿದೆ, ವ್ಯಾಖ್ಯಾನಕಾರನಿದ್ದಾನೆ. ಕೇಳುಗರ ಮುಖ ನೋಡಿ ಗಮಕಿ ಪದ್ಯವನ್ನು ಮತ್ತೊಮ್ಮೆ ಹಾಡುತ್ತಾನೆ, ತಿಳಿಯದಿದ್ದರೆ ಕೇಳಬಹುದು. ಧ್ವನಿಪುಸ್ತಕದ ಕೇಳುಗ ಒಂಟಿ. ಅವನಿಗೆ ಕೇಳುವ ದನಿ ಒಮ್ಮೆ ಮುದ್ರಿತವಾಗಿ ನಿಂತುಬಿಟ್ಟ ದನಿ. ವಾಲ್ಟರ್ ಆಂಗ್ 1982ರ ತಮ್ಮ ‘ಒರ್ಯಾಲಿಟಿ ಅಂಡ್ ಲಿಟರಸಿ’ ಗ್ರಂಥದಲ್ಲಿ ಬರಹ ಮತ್ತು ಮುದ್ರಣಗಳನ್ನು ಆಧರಿಸಿ ನಿಂತ ಇಂಥ ಮೌಖಿಕತೆಯನ್ನು ಎರಡನೆಯ ಹಂತದ ಮೌಖಿಕತೆಯೆಂದು ಬೇರ್ಪಡಿಸಿದ್ದು ಈ ಕಾರಣಕ್ಕಾಗಿಯೇ. ಮೇಲಾಗಿ, ಕೇಳುವ ಯಂತ್ರದಲ್ಲಿ ವೇಗವನ್ನು ಹೆಚ್ಚಿಸುವ ಸೌಲಭ್ಯವಿದೆ. ಒಂದು ದಿನ ಅವಸರದಲ್ಲಿ ನಾನು ಒಂದೂವರೆ ಪಟ್ಟು ವೇಗದಲ್ಲಿ ಕೇಳಿದೆ. ಅಂದು ಬಂದದ್ದು ಮಿತಭಾಷಿಯಾದ ಓಗಿಯನ್, ಶಿಷ್ಯನಿಗೆ ಮೌನವನ್ನು ಕಲಿಸಲೆತ್ನಿಸುವ ಭಾಗ. ಕತೆ ತಿಳಿಯಿತು; ಮೌನ ಮಾತ್ರ ಉಳಿಯಲಿಲ್ಲ. ಮರುದಿನ ಅದನ್ನು ನಿಜವಾದ ವೇಗದಲ್ಲಿ ಮತ್ತೆ ಕೇಳಬೇಕಾಯಿತು.

ಇನ್ನೊಂದು ಗಂಭೀರವಾದ ಪ್ರಶ್ನೆ ದನಿಯ ಯಜಮಾನಿಕೆಗೆ ಸಂಬಂಧಿಸಿದ್ದು. ಗೆಡ್ ಬಿಳಿಯನಲ್ಲ, ತಾಮ್ರಗಂದು ಮೈಬಣ್ಣದವನು. ಗೆಳೆಯ ವೆಚ್ ಕಪ್ಪು ವರ್ಣದವನು. ದಾಳಿಯಿಡುವ ಕಾರ್ಗ್ ಜನರು ಬಿಳಿಯರು. ಲೆ ಗ್ವಿನ್ ಉದ್ದೇಶಪೂರ್ವಕವಾಗಿಯೇ ಹೀಗೆ ಕಲ್ಪಿಸಿದ್ದರು. ಆದರೂ ಪ್ರಕಾಶಕರು ಹಲವು ಮುಖಪುಟಗಳಲ್ಲಿ ಗೆಡ್‌ನನ್ನು ಬಿಳಿಯನನ್ನಾಗಿಸಿದರು. 2004ರ ಡಿಸೆಂಬರಿನಲ್ಲಿ ಅಮೆರಿಕದ ಸೈ-ಫೈ ವಾಹಿನಿ ಪ್ರಸಾರ ಮಾಡಿದ ಕಿರುಸರಣಿಯೂ ಅದನ್ನೇ ಮಾಡಿದಾಗ ಲೇಖಕಿ ಬಹಿರಂಗವಾಗಿ ಪ್ರತಿಭಟಿಸಿ ಬರೆದರು. ಧ್ವನಿಪುಸ್ತಕಕ್ಕೆ ಮುಖಪುಟದ ಹಂಗಿಲ್ಲ. ಆದ್ದರಿಂದ ಕಿವಿಯಲ್ಲಿ ಗೆಡ್ ತನ್ನ ಬಣ್ಣವನ್ನು ಉಳಿಸಿಕೊಂಡಾನೆಂದು ಭಾವಿಸಿದ್ದೆ. ಆದರೆ ಬ್ರಿಟಿಷ್ ರಂಗಭೂಮಿಯ ಸುಸಂಸ್ಕೃತ ಉಚ್ಚಾರದಲ್ಲಿ ಅವನ ಮಾತುಗಳನ್ನು ಕೇಳುತ್ತಾ ಹೋದಂತೆ, ನನ್ನ ಕಲ್ಪನೆಯಲ್ಲಿ ಅವನು ಇಂಗ್ಲೆಂಡಿನ ಶಾಲಾಬಾಲಕನಾಗಿ ಮಾರ್ಪಟ್ಟಿದ್ದನ್ನು ಕಂಡು ನನಗೇ ಅಚ್ಚರಿಯಾಯಿತು. ಉಚ್ಚಾರಕ್ಕೂ ಮೈಬಣ್ಣವಿದೆ. ವಾಚಕರ ಪ್ರತಿಭೆಯನ್ನು ಒಪ್ಪಿಕೊಂಡೇ ಈ ಮಾತನ್ನು ಹೇಳಬೇಕಾಗಿದೆ.

ಈ ಪ್ರಶ್ನೆಯನ್ನು ಕನ್ನಡಕ್ಕೆ ತಂದುಕೊಂಡರೆ ಅದರ ತೀವ್ರತೆ ಅರಿವಾಗುತ್ತದೆ. ಕನ್ನಡದಲ್ಲಿಯೂ ಧ್ವನಿಪುಸ್ತಕಗಳು ಬರತೊಡಗಿವೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯನ್ನು (1984) ಯಾರ ಕಂಠದಲ್ಲಿ ಕೇಳಬೇಕು? ಮುದ್ರಣದಲ್ಲಿ ತಡವರಿಸುವ ಎಷ್ಟೋ ವಿದ್ಯಾರ್ಥಿಗಳಿಗೆ, ಆ ಸೀಮೆಯವರೊಬ್ಬರು ಗಟ್ಟಿಯಾಗಿ ಓದಿದೊಡನೆ ಆ ಕೃತಿ ತಿಳಿಯಾಗುವುದನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ಅದೇ ಕೃತಿಯನ್ನು ‘ಶುದ್ಧ’ ಉಚ್ಚಾರದ ಹೆಸರಿನಲ್ಲಿ ವಾರ್ತಾವಾಚಕರ ಕನ್ನಡಕ್ಕೆ ಒಗ್ಗಿಸಿದರೆ ಅಕ್ಷರ ಬದಲಾಗದೆಯೂ ಕೃತಿ ಬದಲಾಗುತ್ತದೆ. ಕಲಬುರಗಿಯ, ಕುಂದಾಪುರದ, ಧಾರವಾಡದ ಬರವಣಿಗೆಗೂ ಈ ಮಾತು ಅನ್ವಯಿಸುತ್ತದೆ. ವಾಚಕನ ಆಯ್ಕೆಯೆಂಬುದು ಕೇವಲ ಪ್ರಕಾಶಕರ ವ್ಯವಹಾರವಲ್ಲ. ಗ್ರಂಥಸಂಪಾದನೆಯಲ್ಲಿ ಪಾಠನಿರ್ಣಯಕ್ಕೆ ಇರುವಷ್ಟೇ ತೂಕ ಅದಕ್ಕೂ ಇದೆ. ಈ ವಿಷಯದಲ್ಲಿ ಕನ್ನಡ ವಿಭಾಗಗಳು ಮೌನವಾಗಿದ್ದರೆ ತೀರ್ಮಾನ ಮಾರುಕಟ್ಟೆಯದಾಗುತ್ತದೆ.

ಈವರೆಗೆ ಚರ್ಚಿಸಿದ್ದೆಲ್ಲ ಕಣ್ಣಿದ್ದೂ ಕೇಳುವುದನ್ನು ಆಯ್ದುಕೊಂಡವರ ಮಾತು. ಆಯ್ಕೆಯೇ ಇಲ್ಲದವರ ಮಾತು ಬೇರೆ. ಗೋಷ್ಠಿಯ ಆ ನಗುವಿನ ಬಳಿಕ ಹೊರಗೆ ಬಂದಾಗ, ದೃಷ್ಟಿಹೀನರಾದ ನನ್ನ ಸಹಸಂಶೋಧಕಿಯೊಬ್ಬರು ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿದರು: “ನೀವು ಕೇಳಿದ್ದು ಓದಲ್ಲ ಅಂದ್ರೆ, ನಾನು ಎಂ.ಎ. ಪಾಸಾಗಿದ್ದು ಏನು ಓದಿ?” ಉತ್ತರಿಸಲು ನನ್ನಲ್ಲಿ ಮಾತಿರಲಿಲ್ಲ. ಅವರು ಇಡೀ ಪದವಿಯನ್ನು ಗೆಳತಿಯರು ಓದಿ ಹೇಳಿದ್ದರಿಂದ, ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡ ಪಾಠಗಳಿಂದ ಪೂರೈಸಿದವರು. ಪಂಪನನ್ನು ಅವರಷ್ಟು ನೆನಪಿನಿಂದ ಉದ್ಧರಿಸಬಲ್ಲವರು ನಮ್ಮಲ್ಲಿ ಮತ್ತೊಬ್ಬರಿಲ್ಲ.

ಧ್ವನಿಪುಸ್ತಕದ ಚರಿತ್ರೆ ಆರಂಭವಾಗುವುದೂ ಇಂಥವರ ಅಗತ್ಯದಿಂದಲೇ ಎಂಬುದನ್ನು ನಾವು ಮರೆತಿದ್ದೇವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1934ರಲ್ಲಿ, ಬ್ರಿಟನ್ನಿನ ಅಂಧರ ಸಂಸ್ಥೆಗಳು 1935ರಲ್ಲಿ ‘ಮಾತಾಡುವ ಪುಸ್ತಕ’ಗಳ ಸೇವೆಯನ್ನು ತೊಡಗಿದವು, ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರ ಅಗತ್ಯವೂ ಅದರ ಹಿಂದಿತ್ತು. ಕೇಳುವುದು ಓದೇ ಅಲ್ಲವೇ ಎಂಬ ವಾದ ಅಂದಿನಿಂದಲೂ ಈ ಪುಸ್ತಕಗಳ ಬೆನ್ನು ಹತ್ತಿದೆಯೆಂಬುದನ್ನು ಮ್ಯಾಥ್ಯೂ ರುಬೆರಿ ಅವರ 2016ರ ಅಧ್ಯಯನ ವಿಸ್ತಾರವಾಗಿ ನಿರೂಪಿಸಿದೆ. ನಮ್ಮಲ್ಲಿ ಕಾನೂನು ಹಿಂದೆ ಬಿದ್ದಿಲ್ಲ. 2012ರ ತಿದ್ದುಪಡಿಯ ಮೂಲಕ ಭಾರತದ ಕೃತಿಸ್ವಾಮ್ಯ ಕಾಯಿದೆಯು ವಿಕಲಚೇತನರಿಗಾಗಿ ಕೃತಿಗಳನ್ನು ಅವರಿಗೆ ಒದಗುವ ರೂಪಕ್ಕೆ ಪರಿವರ್ತಿಸಲು ಅವಕಾಶ ಕಲ್ಪಿಸಿತು. ಇದೇ ಆಶಯದ 2013ರ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶವೂ ಭಾರತವೇ. ಹಿಂದೆ ಬಿದ್ದಿರುವುದು ನಮ್ಮ ಅಭ್ಯಾಸ. ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ, ಯೂನಿಕೋಡ್ ಅಲ್ಲದ ಸಂಕೇತಗಳಲ್ಲಿ ಜೋಡಿಸಿದ ಎಷ್ಟೋ ಸಂಶೋಧನ ಲೇಖನಗಳು ಅವರ ಪರದೆವಾಚಕ ತಂತ್ರಾಂಶದಲ್ಲಿ ಅರ್ಥವಿಲ್ಲದ ಶಬ್ದಗಳಾಗಿ ಹೊರಬರುತ್ತವೆ. ತಂತ್ರಾಂಶ ಓದಬಲ್ಲ ಕಡೆಯಲ್ಲಿಯೂ ಷಟ್ಪದಿಯನ್ನು ಅದು ಗದ್ಯದಂತೆ ಉರುಳಿಸಿಬಿಡುತ್ತದೆ. ಮನುಷ್ಯರ ಕಂಠಕ್ಕೆ ಅಲ್ಲಿ ಬದಲಿಯಿಲ್ಲ.

ಈ ಹಿನ್ನೆಲೆಯಲ್ಲಿ ಕೆಲವು ಸಲಹೆಗಳನ್ನು ವಿದ್ವಾಂಸರ ಮುಂದಿಡಬಯಸುತ್ತೇನೆ. ಮೊದಲನೆಯದು, ಧ್ವನಿಕೃತಿಯನ್ನು ಆಕರವಾಗಿ ಬಳಸುವಾಗ ಅಧ್ಯಾಯ, ಗಂಟೆ-ನಿಮಿಷಗಳೊಡನೆ ವಾಚಕರ ಹೆಸರನ್ನೂ ಕಡ್ಡಾಯವಾಗಿ ನಮೂದಿಸುವ ಪದ್ಧತಿಯನ್ನು ನಮ್ಮ ಪತ್ರಿಕೆಗಳು ಒಪ್ಪಿಕೊಳ್ಳಬೇಕು. ಸಂಪಾದಕರ ಹೆಸರಿಲ್ಲದೆ ಪ್ರಾಚೀನ ಕಾವ್ಯವನ್ನು ಉಲ್ಲೇಖಿಸುವುದು ಹೇಗೆ ಅಪೂರ್ಣವೋ ವಾಚಕರ ಹೆಸರಿಲ್ಲದ ಧ್ವನಿಪಠ್ಯದ ಉಲ್ಲೇಖವೂ ಹಾಗೆಯೇ. ಎರಡನೆಯದು, ಪದಶಃ ವಿಶ್ಲೇಷಣೆ ಮಾಡುವೆಡೆಯಲ್ಲಿ ಮುದ್ರಿತ ಪಠ್ಯದೊಡನೆ ತಾಳೆ ನೋಡುವುದನ್ನು ನಿಯಮವಾಗಿಸಬೇಕು. ನನ್ನ ಪ್ರಬಂಧದಲ್ಲಿ ಆಗದೆ ಉಳಿದದ್ದು ಇದು, ಆ ಲೋಪ ನನ್ನದೇ. ಮೂರನೆಯದು, ಪಠ್ಯಕ್ರಮದಲ್ಲಿರುವ ಕೃತಿಗಳನ್ನು ಆಯಾ ಪ್ರದೇಶದ ಅಧ್ಯಾಪಕರು, ಸಂಶೋಧಕರು ಕಾನೂನಿನ ಚೌಕಟ್ಟಿನೊಳಗೆ ಓದಿ ಧ್ವನಿಮುದ್ರಿಸಿ, ಅಗತ್ಯವಿರುವ ವಿದ್ಯಾರ್ಥಿಗಳಿಗೆ ಒದಗಿಸುವ ಕೆಲಸವನ್ನು ಪ್ರತಿ ವಿಭಾಗವೂ ಕೈಗೊಳ್ಳಬಹುದು. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಒಂದು ಸದ್ದಿಲ್ಲದ ಕೋಣೆ, ವಾರಕ್ಕೆರಡು ಗಂಟೆ ಸಾಕು. ನಾಲ್ಕನೆಯದು, ಹೀಗೆ ಕೇಳಿದ್ದನ್ನು ತರಗತಿಯಲ್ಲಿ ಒಟ್ಟಾಗಿ ಕೇಳಿ ಚರ್ಚಿಸುವ ಕ್ರಮ ಬಂದರೆ, ಧ್ವನಿಪುಸ್ತಕ ಕಳೆದುಕೊಂಡಿರುವ ಸಭೆಯೂ ವ್ಯಾಖ್ಯಾನವೂ ಅದಕ್ಕೆ ಮರಳಿ ದೊರೆಯುತ್ತವೆ.

ಈ ಸೆಮಿಸ್ಟರಿನಲ್ಲಿ ನಾನೂ ಆ ಸಹಸಂಶೋಧಕಿಯೂ ಜೊತೆಗೂಡಿ ‘ಅರ್ಥ್‌ಸೀ’ಯನ್ನು ಮತ್ತೊಮ್ಮೆ ಕೇಳಿದೆವು. ಬದಲಿಗೆ ಚಂದ್ರಹಾಸ ಪ್ರಸಂಗವನ್ನು ನಾನು ಅವರಿಗೆ ವಾಚಿಸಿ ಧ್ವನಿಮುದ್ರಿಸಿಕೊಟ್ಟೆ. ಓಲೆಯ ಪದ್ಯಕ್ಕೆ ಬಂದಾಗ ಅವರು ನನ್ನನ್ನು ತಡೆದರು. ‘ವಿಷಯೆ’ ಎಂಬಲ್ಲಿ ಕೊನೆಯ ಸ್ವರವನ್ನು ನಾನು ನುಂಗಿದ್ದೆನೆಂದೂ, ಹಾಗೆ ಓದಿದರೆ ಹುಡುಗ ಬದುಕುವುದಿಲ್ಲವೆಂದೂ ನಗುತ್ತಾ ಹೇಳಿದರು. ಆ ಪದ್ಯವನ್ನು ನಾನು ವರ್ಷಗಳಿಂದ ಕಣ್ಣಿನಲ್ಲಿ ಓದಿಕೊಂಡು ಬಂದವನು. ಆ ದಿನ ಅದನ್ನು ಮೂರು ಸಲ ಓದಿ ಮುದ್ರಿಸಿಕೊಂಡೆವು. ಮೂರನೆಯದನ್ನು ಅವರು ಒಪ್ಪಿದರು.